ಕೂದಲು ಉದುರುವಾಗ ನಾನು ಅನುಸರಿಸಿದ ಕ್ರಮ: ಊಟ ಮೊದಲು, ಎಣ್ಣೆ ಆಮೇಲೆ

ಇವತ್ತು ಬಾಚಣಿಗೆಗೆ ಬಂದ ಕೂದಲಿನ ಕಾರಣವನ್ನು ಎರಡು-ಮೂರು ತಿಂಗಳ ಹಿಂದೆ ಹುಡುಕಬೇಕು. ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ತೂಕ ಇಳಿಸಲು ಊಟ ತೀರಾ ಕಡಿಮೆ ಮಾಡಿದ್ದು, ಇವುಗಳಲ್ಲಿ ಯಾವುದಾದರೂ ಆದಾಗ ಬೆಳೆಯುತ್ತಿದ್ದ ಕೂದಲು ಗುಂಪಾಗಿ ವಿಶ್ರಾಂತಿಯ ಹಂತಕ್ಕೆ ಜಾರುತ್ತದೆ, ಉದುರುವುದು ಆಮೇಲೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ.

ನಾನು ಮೊದಲು ನೋಡುವುದು ಉದುರಿದ ಕೂದಲನ್ನೇ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದೆ ತುಂಡಾಗಿದ್ದರೆ ಬಿಸಿ, ರಾಸಾಯನಿಕ ಅಥವಾ ಒರಟು ಬಾಚಣಿಕೆಯಿಂದ ನಡುವೆ ಮುರಿದದ್ದು. ಕೊಬ್ಬರಿ ಎಣ್ಣೆ ಕೆಲಸಕ್ಕೆ ಬರುವುದು ಈ ಎರಡನೆಯದಕ್ಕೆ.

ಬುಡದಿಂದ ಬರುತ್ತಿದ್ದರೆ ರಕ್ತಪರೀಕ್ಷೆ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಥೈರಾಯ್ಡ್. ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ಕೆಳಗಿರಬಹುದು, ಹಾಗಾಗಿ ಒಂದನ್ನೇ ನಂಬಬಾರದು. ಕೂದಲಿಗೆಂದು ಮಾರುವ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ನುಂಗುತ್ತಿದ್ದರೆ ಅದು ಥೈರಾಯ್ಡ್ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ರಕ್ತ ಕೊಡುವ ಮೊದಲೇ ವೈದ್ಯರಿಗೆ ಹೇಳಿ, ಸಾಮಾನ್ಯವಾಗಿ ಎರಡು ದಿನವಾದರೂ ನಿಲ್ಲಿಸಬೇಕಾಗುತ್ತದೆ.

ಊಟದಲ್ಲಿ ಮೊದಲ ಲೆಕ್ಕ ಪ್ರೋಟೀನಿನದು. ಕೂದಲೆಂದರೆ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನೇ. ಕೆಜಿ ತೂಕಕ್ಕೆ ಕನಿಷ್ಠ 0.8 ಗ್ರಾಂ, ಅಂದರೆ 60 ಕೆಜಿ ಇರುವವರಿಗೆ 48 ಗ್ರಾಂ. ಎರಡು ಮೊಟ್ಟೆಯಲ್ಲಿ ಸುಮಾರು 12, ಒಂದು ಕಪ್ ಬೆಂದ ಬೇಳೆಯಲ್ಲಿ 18, ಒಂದು ಲೋಟ ಹಾಲಿನಲ್ಲಿ 8 ಗ್ರಾಂ. ಉಳಿದದ್ದು ಧಾನ್ಯ, ಕಾಳು, ಬೀಜಗಳಿಂದ ತುಂಬುತ್ತದೆ. ಮೊಟ್ಟೆ ಬೇಯಿಸಿಯೇ ತಿನ್ನಿ; ಹಸಿ ಬಿಳಿಭಾಗದ ಅವಿಡಿನ್ ಎಂಬ ಪ್ರೋಟೀನು ಬಯೋಟಿನನ್ನು ಕಟ್ಟಿಹಾಕುತ್ತದೆ.

ಸೊಪ್ಪು, ಕಾಳಿನ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಮೇಲೆ ನಿಂಬೆರಸ ಹಿಂಡಿ, ಕಾಫಿ-ಚಹಾ ಊಟದಿಂದ ಒಂದು ಗಂಟೆ ದೂರವಿಡಿ. ಬರೀ ಸೊಪ್ಪು ಹೆಚ್ಚಿಸಿದರೂ ಫೆರಿಟಿನ್ ಏರದಿರುವುದಕ್ಕೆ ಹಲವು ಸಲ ಊಟದ ಜೊತೆಗಿನ ಈ ಲೋಟವೂ ಕಾರಣ. ಕಬ್ಬಿಣದ ಮಾತ್ರೆ ಮಾತ್ರ ಪರೀಕ್ಷೆಯಿಲ್ಲದೆ ಬೇಡ. ವಿಟಮಿನ್ ಎ, ಸೆಲೆನಿಯಂ ಅತಿಯಾದರೆ ಅವೇ ಕೂದಲು ಉದುರಿಸುತ್ತವೆ, ‘ಕೂದಲಿನ ಮಾತ್ರೆ’ಯ ಡಬ್ಬಿಯ ಹಿಂಬದಿ ಓದದೆ ನುಂಗಬೇಡಿ.

ಹಚ್ಚಲು ನಾನು ಆರಿಸಿದ್ದು ರೋಸ್ಮರಿ ಎಂಬ ಪರಿಮಳದ ಗಿಡದ ಸಾರತೈಲ (ಎಸೆನ್ಷಿಯಲ್ ಆಯಿಲ್). ವಂಶವಾಹಿ ಬೋಳಿನ ಮೇಲೆ 2015ರಲ್ಲಿ ಪ್ರಕಟವಾದ ಆರು ತಿಂಗಳ ಅಧ್ಯಯನದಲ್ಲಿ ಅದು ಕೂದಲು ಬೆಳೆಸಲು ನೆತ್ತಿಗೆ ಹಚ್ಚುವ ಔಷಧಿಯಾದ 2% ಮಿನಾಕ್ಸಿಡಿಲ್‌ಗೆ ಹತ್ತಿರದ ಫಲ ಕೊಟ್ಟಿತ್ತು. ಒಂದೇ ಚಿಕ್ಕ ಅಧ್ಯಯನ, ಭರವಸೆ ಅಷ್ಟಕ್ಕೇ ಇರಲಿ. 30 ಮಿಲಿ ಕೊಬ್ಬರಿ ಎಣ್ಣೆಗೆ 12 ಹನಿ ಸಾಕು, ಹೆಚ್ಚಾದರೆ ಚರ್ಮ ಉರಿಯುತ್ತದೆ. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ. ಬೈತಲೆ ತೆಗೆಯುತ್ತಾ ಬುಡಕ್ಕೆ ಮಾತ್ರ ಹಚ್ಚಿ, ಉಗುರು ತಾಗಿಸದೆ ಬೆರಳ ತುದಿಯಿಂದ ನೆತ್ತಿಯ ಚರ್ಮವೇ ಅಲುಗುವಂತೆ ನಾಲ್ಕೈದು ನಿಮಿಷ ತಿಕ್ಕಿ, ಗಂಟೆಯ ನಂತರ ತೊಳೆಯಿರಿ. ವಾರಕ್ಕೆ ಎರಡು-ಮೂರು ಸಲ. ತಲೆಹೊಟ್ಟು ಇದ್ದವರು ರಾತ್ರಿಯಿಡೀ ಎಣ್ಣೆ ಬಿಡಬಾರದು. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ.

ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುವುದರಿಂದ ಮೂರು ತಿಂಗಳ ಮೊದಲು ಫಲ ಅಳೆಯಬೇಡಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ, ಅದೇ ಬೈತಲೆಯ ಫೋಟೋ ತೆಗೆದಿಡಿ. ನಾಣ್ಯದಂತೆ ದುಂಡಗೆ ಕೂದಲು ಹೋಗಿದ್ದರೆ, ನೆತ್ತಿ ಕೆಂಪಾಗಿ ನೋಯುತ್ತಿದ್ದರೆ ಈ ಯಾವುದನ್ನೂ ಮಾಡುತ್ತಾ ಕೂರದೆ ಚರ್ಮವೈದ್ಯರ ಬಳಿ ಹೋಗಿ.