ಅಮೆಜಾನ್ ಕಾಡಿನ "ಹೊರಜಗತ್ತೇ ನೋಡದ ಜನ" ವಿಡಿಯೋ ಬಂದ್ರೆ ಹೇಗೆ ನೋಡ್ಬೇಕು

ಫ್ಯಾಮಿಲಿ ಗ್ರೂಪಲ್ಲಿ ವರ್ಷಕ್ಕೊಂದ್ಸಲ ಆದ್ರೂ ಇದು ಬಂದೇ ಬರುತ್ತೆ, ನದಿ ದಂಡೆ, ಕೈಲಿ ಬಿಲ್ಲು ಹಿಡ್ಕೊಂಡಿರೋ ಜನ, ಕೆಳಗೆ "ಶಿಲಾಯುಗದ ಜನಾಂಗ ಮೊದಲ ಬಾರಿಗೆ ಪತ್ತೆ!" ಅಂತ. ಫಾರ್ವರ್ಡ್ ಒತ್ತೋಕೆ ಮುಂಚೆ ಸ್ವಲ್ಪ ನಿಲ್ಲಿ. ಪೆರು ದೇಶದ ಮಾಶ್ಕೋ ಪಿರೋ ಜನರನ್ನೇ ಉದಾಹರಣೆಗೆ ತಗೊಳ್ಳೋಣ.

ಮೊದಲು ಆ "ಮೊದಲ ಬಾರಿಗೆ" ಅನ್ನೋ ಪದದ ಮೇಲೆ ಡೌಟ್ ಪಡಿ. 1894ರಲ್ಲಿ ಫಿಟ್ಸ್‌ಕರಾಲ್ಡ್ ಅನ್ನೋ ರಬ್ಬರ್ ಸಾಹುಕಾರನ ಪಡೆ ಮನು ನದಿಯ ಮೇಲ್ಭಾಗದಲ್ಲಿ ಈ ಜನರನ್ನ ಸಿಕ್ಕಸಿಕ್ಕಲ್ಲಿ ಕೊಂದು ಹಾಕ್ತು, ಆಗ ಟೈರಿಗೆ ರಬ್ಬರ್ ಅಂದ್ರೆ ಬಂಗಾರ, ಉಳಿದವರು ಕಾಡೊಳಗೆ ಓಡಿದ್ರು. ಅಂದ್ರೆ ಇವರು ನಮ್ಮನ್ನ ನೋಡದೇ ಇರೋರಲ್ಲ ಸ್ವಾಮಿ, ನೋಡಿ ಸಾಕಾಗಿ ಹೋದೋರು.

ಆಮೇಲೆ ಆಚೆ ದಡದಲ್ಲಿ ಯಾರಿದ್ದಾರೆ ನೋಡಿ. ಕ್ಯಾಮೆರಾ ಹಿಡಿದಿರೋರು ಎಷ್ಟೋ ಸಲ ಅಲ್ಲಿನ ಯಿನೆ ಅನ್ನೋ ಮೂಲನಿವಾಸಿ ಜನ, ಮಾಶ್ಕೋ ಪಿರೋ ಭಾಷೆ ಅವರಿಗೆ ಸುಮಾರಾಗಿ ಅರ್ಥ ಆಗುತ್ತೆ, ಮಾಶ್ಕೋ ಪಿರೋಗಳನ್ನ "ನೊಮೊಲೆ" ಅಂತಾರೆ, ನಮ್ಮ ಅಣ್ತಮ್ಮಂದಿರು ಅನ್ನೋ ಥರ. 2013ರ ಜೂನಲ್ಲಿ ಲಾಸ್ ಪಿಯೆದ್ರಾಸ್ ನದಿಯ ಮೊಂಟೆ ಸಾಲ್ವಾಡೊ ಊರಿನ ಎದುರು ದಡಕ್ಕೆ ನೂರಕ್ಕೂ ಹೆಚ್ಚು ಮಾಶ್ಕೋ ಪಿರೋ ಜನ ಬಂದ್ರು. ಕೇಳಿದ್ದೇನು ಗೊತ್ತಾ? ಬಾಳೆಹಣ್ಣು, ಹಗ್ಗ, ಮಚ್ಚು. ಶಿಲಾಯುಗದೋರು ಮಚ್ಚು ಕೇಳ್ತಾರಾ?

ಹಾಗಾದ್ರೆ ಕೊಟ್ಬಿಡೋದೇ ಅಲ್ವಾ ಅನ್ಸುತ್ತೆ. ಇದೇ ಕಷ್ಟದ ಜಾಗ, ಇಲ್ಲಿ ನಿಧಾನವಾಗಿ ಓದಿ. ಶಾಕೋ ಫ್ಲೋರೆಸ್ ಅಂತ ಮಾಟ್ಸಿಗೆಂಕಾ ಅನ್ನೋ ಇನ್ನೊಂದು ಬುಡಕಟ್ಟಿನ ಒಬ್ಬ ಮನುಷ್ಯ ವರ್ಷಗಟ್ಟಲೆ ಮಾಶ್ಕೋ ಪಿರೋಗಳಿಗೆ ಪಾತ್ರೆ, ಮಚ್ಚು ಎಲ್ಲಾ ಕೊಡ್ತಿದ್ದ, 2011ರಲ್ಲಿ ಅವರದ್ದೇ ಬಾಣಕ್ಕೆ ಸತ್ತ. ಬಿದಿರಿನ ತುದಿಯ ಬಾಣ. ಯಾಕೆ ಹೊಡೆದ್ರು ಅಂತ ಇವತ್ತಿಗೂ ಯಾರಿಗೂ ಖಚಿತವಾಗಿ ಹೇಳೋಕಾಗಿಲ್ಲ. ಇನ್ನೊಂದು ಕಡೆ ನೆಗಡಿ. ಪೆರುವಿನದ್ದೇ ನಾಹುವಾ ಜನರಿಗೆ 1984ರಲ್ಲಿ ಮರ ಕಡಿಯೋರ ಸಂಪರ್ಕ ಆಯ್ತು, ಕೆಲವೇ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೋದ್ರು, ಮುಖ್ಯವಾಗಿ ಉಸಿರಾಟದ ಕಾಯಿಲೆಯಿಂದ. ನಮಗೆ ಎರಡು ದಿನ ಮೂಗು ಸೋರಿದ್ರೆ ಮುಗೀತು, ಅವರ ಮೈಗೆ ಅದರ ಪರಿಚಯವೇ ಇಲ್ಲ. ಬ್ರೆಜಿಲ್ 1987ರಿಂದ "ನಾವಾಗಿ ಹತ್ರ ಹೋಗಲ್ಲ" ಅನ್ನೋ ನೀತಿ ಇಟ್ಕೊಂಡಿರೋದು ಸುಮ್ನೆ ಅಲ್ಲ. ಪೆರು ಕೂಡ 2006ರಲ್ಲಿ ಇಂಥ ಜನರನ್ನ ಕಾಪಾಡೋಕೆ ಕಾನೂನು ತಂತು.

ಕೊನೇದಾಗಿ ಫ್ರೇಮಿನ ಹೊರಗೆ ಏನಿದೆ ಹುಡುಕಿ. 2024ರ ಜುಲೈಲಿ ಐವತ್ತಕ್ಕೂ ಹೆಚ್ಚು ಮಾಶ್ಕೋ ಪಿರೋ ಜನ ದಂಡೆಗೆ ಬಂದ ಫೋಟೋ ಎಲ್ಲಾ ಕಡೆ ಓಡಾಡ್ತು, ಆ ಜಾಗದ ಹತ್ತಿರದಲ್ಲೇ ಮರ ಕಡಿಯೋಕೆ ಸರ್ಕಾರ ಪರ್ಮಿಟ್ ಕೊಟ್ಟಿರೋ ಕಾಡಿದೆ ಅನ್ನೋದು ಮಾತ್ರ ನಮ್ಮ ಗ್ರೂಪಿಗೆ ಬಂದ ಕ್ಯಾಪ್ಷನ್ನಲ್ಲಿ ಇರ್ಲಿಲ್ಲ. ತಿಂಗಳೆರಡು ಕಳಿಯೋದ್ರೊಳಗೆ ಅದೇ ಪ್ರಾಂತ್ಯದಲ್ಲಿ ಇಬ್ಬರು ಮರ ಕಡಿಯೋರು ಬಾಣಕ್ಕೆ ಸತ್ತ ಸುದ್ದಿ ಬಂತು, ಅದನ್ನ ಯಾರೂ ಫಾರ್ವರ್ಡ್ ಮಾಡ್ಲಿಲ್ಲ ಬಿಡಿ.

ಈಗ ಆ ಹಳೇ ಕ್ಯಾಪ್ಷನ್ ಅಳಿಸಿ. "ಮಾಶ್ಕೋ ಪಿರೋ, ಪೆರು, ಪಕ್ಕದಲ್ಲೇ ಮರ ಕಡೀತಿದ್ದಾರೆ" ಅಂತ ಟೈಪ್ ಮಾಡಿ ಕಳ್ಸಿ. ನಾನು ಹೀಗೆ ಕಳ್ಸಿದಾಗ ನಮ್ಮ ಸೋದರಮಾವ "ಶಿಲಾಯುಗ ಎಲ್ಲೋಯ್ತೋ?" ಅಂತ ಕೇಳಿದ್ರು.