ಗಂಜಿನ ಲೆಕ್ಕ ಮನೆಯಿಂದ ನೋಡಬೇಕಾ? ನಿಮ್ಮದೇ ವಿಪಿಎನ್ ಹೀಗೆ ಹಾಕಿ

ತೊಗರಿ ಸೀಸನ್ ಶುರುವಾದರೆ ಕಲಬುರಗಿಯ ನೆಹರು ಗಂಜಿನಲ್ಲಿ ರಾತ್ರಿಯಾದರೂ ಲೆಕ್ಕ ಮುಗಿಯುವುದಿಲ್ಲ. ರೈತರ ಮಾಲು ಮಾರಿಸಿಕೊಡುವ ನಮ್ಮ ಕಾಕಾನ ಅಡತಿ ಅಂಗಡಿಯಲ್ಲೂ ಹಾಗೇ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇರುವುದು ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ. ಮನೆಯಿಂದ ನೋಡಬೇಕೆಂದು ಕೆಲವರು ರೂಟರಿನಲ್ಲಿ, ದೂರದಿಂದ ಕಂಪ್ಯೂಟರ್ ಪರದೆ ತೆರೆಯುವ ರಿಮೋಟ್ ಡೆಸ್ಕ್‌ಟಾಪ್ ಪೋರ್ಟನ್ನೇ ತೆರೆದಿಡುತ್ತಾರೆ. ಅದೊಂದನ್ನು ಮಾತ್ರ ಮಾಡಬೇಡಿ. ಅಂಥ ತೆರೆದ ಬಾಗಿಲು ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಇಂಟರ್ನೆಟ್ ಜಾಲಾಡುತ್ತಿರುತ್ತವೆ.

ಇದಕ್ಕೆ ಸರಿಯಾದ ದಾರಿ ವೈರ್‌ಗಾರ್ಡ್. ನಡುವೆ ಒಂದು ಸರ್ವರ್ ಇಟ್ಟು, ನಿಮ್ಮ ಸಾಧನಗಳ ಮಧ್ಯೆ ಮಾತ್ರ ಗುಟ್ಟಿನ ದಾರಿ (ಅದೇ ವಿಪಿಎನ್) ಹಾಕಿಕೊಡುವ ಉಚಿತ ಸಾಫ್ಟ್‌ವೇರ್ ಇದು. 2020ರ ಮಾರ್ಚ್‌ನಲ್ಲಿ ಬಂದ 5.6 ಆವೃತ್ತಿಯಿಂದ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಿನ (ಕರ್ನಲ್) ಒಳಗೇ ಸೇರಿದೆ.

ಸರ್ವರ್ ಎಲ್ಲಿಡಬೇಕು?

ಮನೆಯಲ್ಲೇ ಇಡಬಹುದಲ್ವಾ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಈಗಿನ ಎಷ್ಟೋ ಬ್ರಾಡ್‌ಬ್ಯಾಂಡ್ ಕನೆಕ್ಷನ್‌ಗಳಲ್ಲಿ ಹಲವು ಗ್ರಾಹಕರಿಗೆ ಸೇರಿ ಒಂದೇ ಐಪಿ ವಿಳಾಸ ಇರುತ್ತದೆ, ಹಾಗಾಗಿ ಹೊರಗಿನಿಂದ ನೇರವಾಗಿ ನಿಮ್ಮ ಮನೆಯ ಯಂತ್ರವನ್ನು ಮುಟ್ಟಲು ಆಗುವುದಿಲ್ಲ. ಮೇಲಾಗಿ ಬೇಸಿಗೆಯಲ್ಲಿ ಕರೆಂಟಿನ ಕಾಟ ಬೇರೆ. ಆದ್ದರಿಂದ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ ಒಂದು ಸಣ್ಣ ವಿಪಿಎಸ್, ಅಂದರೆ ದೊಡ್ಡ ಸರ್ವರಿನ ಒಂದು ಪಾಲು, ಬಾಡಿಗೆಗೆ ತೆಗೆದುಕೊಳ್ಳಿ. 1 ಜಿಬಿ ರ್‍ಯಾಮ್ ಸಾಕು, ತಿಂಗಳಿಗೆ 500 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ಅದರಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಎಲ್‌ಟಿಎಸ್ ಹಾಕಿಸಿ. ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್‌ಗೆ, ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲ್ ಮಾಡಿಕೊಂಡು, ಆ ಕೀಯಿಂದ ಒಳಗೆ ಹೋಗಲು ಆಗುತ್ತಿದೆ ಅಂತ ನೋಡಿಕೊಂಡ ಮೇಲೆಯೇ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಸೆಕ್ಯುರಿಟಿ ಅಪ್‌ಡೇಟ್ ತಾನಾಗಿಯೇ ಆಗುವಂತೆ ಬಿಡಿ.

ಆಮೇಲೆ, ಸಾಫ್ಟ್‌ವೇರ್‌ಗಳನ್ನು ಪ್ರತ್ಯೇಕ ಡಬ್ಬಿಯಂತೆ ಓಡಿಸುವ ಡಾಕರ್ ಹಾಕಿ, ಅದರ ಮೇಲೆ ಡಬ್ಲ್ಯೂಜಿ-ಈಸಿ ಹಾಕಿ. ಇದು ವೈರ್‌ಗಾರ್ಡ್‌ಗೆ ಬ್ರೌಸರ್‌ನಲ್ಲಿ ತೆರೆಯುವ ಪ್ಯಾನೆಲ್ ಕೊಡುತ್ತದೆ. ಎರಡು ಪೋರ್ಟ್ ನೆನಪಿಡಿ. 51820 ವಿಪಿಎನ್‌ಗೆ, ಅದು ಯುಡಿಪಿ ಬಗೆಯದು. ಇನ್ನೊಂದು ಬಗೆಯಾದ ಟಿಸಿಪಿ ತೆರೆದು ಕೂತರೆ ಏನೂ ನಡೆಯುವುದಿಲ್ಲ. 51821 ಪ್ಯಾನೆಲ್‌ಗೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ: ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ 51821 ಮುಚ್ಚಿದ್ದೇವೆ ಅಂತ ನಿಶ್ಚಿಂತೆಯಿಂದ ಇರುತ್ತಾರೆ, ಆದರೆ ಡಾಕರ್ ಹೊರಗೆ ತೆರೆದ ಪೋರ್ಟು ಯುಎಫ್‌ಡಬ್ಲ್ಯೂ ನಿಯಮವನ್ನು ದಾಟಿಕೊಂಡೇ ಹೋಗುತ್ತದೆ. ಹಾಗಾಗಿ ಡಾಕರ್‌ನ ಸೆಟ್ಟಿಂಗ್ ಇರುವ ಕಂಪೋಸ್ ಫೈಲಿನಲ್ಲಿ ಆ ಪೋರ್ಟ್ ಸಂಖ್ಯೆಗೂ ಮೊದಲು 127.0.0.1: (ಸರ್ವರ್ ತನಗೆ ತಾನೇ ಬಳಸುವ ವಿಳಾಸ) ಅಂತ ಬರೆಯಿರಿ. ಆಮೇಲೆ ಪ್ಯಾನೆಲ್ ಅನ್ನು ಎಸ್‌ಎಸ್‌ಎಚ್ ಸುರಂಗದ ಮೂಲಕ ಮಾತ್ರ ತೆರೆಯಲು ಬರುತ್ತದೆ. ಸ್ವಲ್ಪ ತ್ರಾಸು, ಆದರೆ ಬೇಕೇ ಬೇಕು.

ಅಂಗಡಿಯ ಕಂಪ್ಯೂಟರ್

ಪ್ಯಾನೆಲ್‌ನಲ್ಲಿ ಹೊಸ ಕ್ಲೈಂಟ್ ಮಾಡಿ, ಫೈಲ್ ಇಳಿಸಿಕೊಂಡು, ಅಂಗಡಿಯ ಕಂಪ್ಯೂಟರಿನ ವೈರ್‌ಗಾರ್ಡ್ ಆ್ಯಪ್‌ಗೆ ಕೊಡಿ. ಅದಕ್ಕೂ ಮೊದಲು ಎರಡು ಸಾಲು ನೋಡಿ. ಯಾವ ವಿಳಾಸಗಳಿಗೆ ವಿಪಿಎನ್ ಮೂಲಕ ಹೋಗಬೇಕೆಂದು ಹೇಳುವ ಅಲೋಡ್ ಐಪಿಯಲ್ಲಿ 0.0.0.0/0 ಇದ್ದರೆ ಯೂಟ್ಯೂಬ್ ಸಹಿತ ಎಲ್ಲವೂ ಸರ್ವರ್ ಸುತ್ತಿ ಬರುತ್ತದೆ; ನಮಗೆ ಬೇಕಾದದ್ದು ಒಳಗಿನ ಜಾಲ ಮಾತ್ರ, ಆದ್ದರಿಂದ 10.8.0.0/24 ಅಂತ ಮಾಡಿ. ಕೀಪ್‌ಅಲೈವ್ 25 ಸೆಕೆಂಡ್ ಇಡಿ, ಅಷ್ಟಕ್ಕೊಮ್ಮೆ ಕಂಪ್ಯೂಟರ್ ಸರ್ವರ್‌ಗೆ ಸಣ್ಣ ಸಂದೇಶ ಕಳಿಸುತ್ತದೆ; ಇಲ್ಲದಿದ್ದರೆ ಸುಮ್ನೆ ಕೂತ ಕಂಪ್ಯೂಟರಿನ ದಾರಿ ಮುಚ್ಚಿಹೋಗುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ, ಮನೆಯಿಂದ ವಿಪಿಎನ್ ಮೂಲಕ ತೆರೆಯುವುದು ಇದನ್ನೇ. ವಿಂಡೋಸ್ ಹೋಮ್‌ನಲ್ಲಿ ಅದು ಇರುವುದಿಲ್ಲ, ಪ್ರೊ ಬೇಕು. ಸ್ಲೀಪ್ ಆಫ್ ಮಾಡಿ. ಬಯೋಸ್‌ನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಆಯ್ಕೆ ಇದ್ದರೆ ಹಾಕಿಡಿ, ನಮ್ಮ ಊರಿಗೆ ಅದು ಅವಶ್ಯ.

ಫೋನಿಗಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಆ ಕೋಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಅದರೊಳಗೆ ಗುಟ್ಟಿನ ಕೀ ಇರುತ್ತದೆ. ಎದುರಿಗೆ ಕೂರಿಸಿಕೊಂಡೇ ಸ್ಕ್ಯಾನ್ ಮಾಡಿಸಿ.

ಅಸಲು ಕೆಲಸ ಇನ್ನು ಮೇಲೆ

ನಾನು ಮೊದಲ ಸಲ ಒಂದೇ ಕೀಯನ್ನು ಕಾಕಾಗೂ ಲೆಕ್ಕ ಬರೆಯುವ ಮುನೀಮರಿಗೂ ಕೊಟ್ಟಿದ್ದೆ. ಒಬ್ಬೊಬ್ಬರೇ ಇದ್ದಾಗ ಚೆನ್ನಾಗಿ ನಡೆಯಿತು. ಒಂದು ದಿನ ಕಾಕಾ ತೊಗರಿ ಚೀಲಗಳ ನಡುವೆ ನಿಂತು ಫೋನಿನಲ್ಲಿ ರೈತರೊಬ್ಬರ ಬಾಕಿ ನೋಡುತ್ತಿದ್ದಾರೆ, ಅತ್ತ ಮುನೀಮರು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಿದ್ದಾರೆ. "ತಮ್ಮಾ, ಮತ್ತ ಕಟ್ ಆತು ನೋಡು" ಅಂತ ಕಾಕಾ ನಾಲ್ಕು ಸಲ ಕರೆದರು. ನೆಟ್‌ವರ್ಕ್ ತೊಂದರೆ ಅಂತ ನಾನು ರೂಟರ್ ಹಿಂದೆ ಬಿದ್ದಿದ್ದೆ. ಕಾರಣ ಬೇರೆಯೇ ಇತ್ತು. ಒಂದು ಕೀಗೆ ಸರ್ವರ್ ಒಂದೇ ವಿಳಾಸ ನೆನಪಿಡುತ್ತದೆ, ಕೊನೆಗೆ ಯಾರು ಮಾತಾಡಿದರೋ ಅವರದು. ಇಬ್ಬರೂ ಒಬ್ಬರ ಲೈನನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದರು.

ಅಂದಿನಿಂದ ಒಂದು ಸಾಧನಕ್ಕೆ ಒಂದು ಕೀ. ಹೆಸರೂ ಬಿಡಿಸಿ ಇಡುತ್ತೇನೆ: ಕಾಕಾ-ಫೋನ್, ಮುನೀಮ-ಲ್ಯಾಪ್‌ಟಾಪ್, ಅಂಗಡಿ-ಪಿಸಿ. ಪ್ಯಾನೆಲ್‌ನಲ್ಲಿ ಅಂಗಡಿ-ಪಿಸಿಯ ಕೊನೆಯ ಹ್ಯಾಂಡ್‌ಶೇಕ್ (ಸರ್ವರ್ ಜೊತೆ ಕೀ ಪರಿಶೀಲನೆ) ಮೂರು ನಿಮಿಷಕ್ಕಿಂತ ಹಳೆಯದಾಗಿದ್ದರೆ ಅಲ್ಲಿ ಕರೆಂಟೋ ನೆಟ್ಟೋ ಹೋಗಿದೆ ಅಂತ ತಿಳಿಯಿರಿ. ಸೆಟ್ಟಿಂಗ್ ಇರುವ ಫೋಲ್ಡರ್‌ನ ಬ್ಯಾಕಪ್ ಆಗಾಗ ತೆಗೆದಿಡಿ.

ಪರಿಚಯದವರು ನಮಗೂ ಕೊಡಿ ಅಂತ ಕೇಳುತ್ತಾರೆ. ಕೊಡಬೇಡಿ. ಸರ್ವರ್ ನಿಮ್ಮ ಹೆಸರಿನಲ್ಲಿದೆ, ಅದರ ಮೂಲಕ ಯಾರು ಏನು ಮಾಡಿದರೂ ನಿಮ್ಮ ಬಾಗಿಲಿಗೇ ಬರುತ್ತದೆ. ಸಾರ್ವಜನಿಕರಿಗೆ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರವನ್ನು ಕನಿಷ್ಠ 5 ವರ್ಷ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೇಳಿದೆ.

ಹೋದ ಸೀಸನ್ ಮುಗಿದ ಮೇಲೆ ಮುನೀಮರು ಕೆಲಸ ಬಿಟ್ಟರು. ಅಂಗಡಿಯ ಕೀಲಿಕೈ ಕಾಕಾನ ಕೈಗಿಟ್ಟು ಚಹಾ ಕುಡಿಯುತ್ತಿದ್ದಾಗಲೇ ನಾನು ಅವರಿಗೆ ಹೇಳಿ, ಅವರ ಎದುರೇ ಮುನೀಮ-ಲ್ಯಾಪ್‌ಟಾಪ್ ಮುಂದಿನ ಸ್ವಿಚ್ ಆಫ್ ಮಾಡಿದೆ. ಕಾಕಾನ ಫೋನ್ ಏನೂ ಆಗದೆ ನಡೆಯುತ್ತಲೇ ಇತ್ತು.