ಫಾಸ್ಟರ್ ಮನೆಯ ಮೊದಲ 14 ದಿನ, ಆಮೇಲೆ ದತ್ತು

ಬೀದಿಯಲ್ಲಿ ಕಂಡ ನಾಯಿಯನ್ನೆಲ್ಲ ಮನೆಗೆ ತರಬೇಕಿಲ್ಲ. ಮೈಸೂರಿನ ಕುವೆಂಪುನಗರದ ಅಡ್ಡರಸ್ತೆಯಲ್ಲಿ ನಾಲ್ಕು ಮನೆಯ ಅನ್ನ ತಿಂದುಕೊಂಡು ಆರಾಮಾಗಿರುವ, ಕಿವಿಯ ತುದಿ ಕತ್ತರಿಸಿರುವ (ಸಂತಾನಹರಣ ಆಪರೇಷನ್ ಆಗಿದೆ ಎಂಬುದರ ಗುರುತು) ನಾಯಿಗೆ ಆ ಬೀದಿಯೇ ಮನೆ. ಫಾಸ್ಟರ್ (ದತ್ತು ಸಿಗುವವರೆಗೆ ತಾತ್ಕಾಲಿಕವಾಗಿ ಮನೆಯಲ್ಲಿಟ್ಟು ನೋಡಿಕೊಳ್ಳುವುದು) ಬೇಕಾದ್ದು ತಬ್ಬಲಿ ಮರಿಗೆ, ಗಾಯಗೊಂಡಿದ್ದಕ್ಕೆ, ಸಾಕಿ ಕೈಬಿಟ್ಟಿದ್ದಕ್ಕೆ. ತಾಯಿ ಜೊತೆಗಿದ್ದರೆ ಮರಿಯನ್ನು 8 ವಾರದವರೆಗೆ ಎತ್ತಬೇಡಿ.

ತಂದ ನಾಯಿಯನ್ನು 14 ದಿನ ಪ್ರತ್ಯೇಕ ಇಡಿ. ತೊಳೆಯಲು ಬರುವ ಯುಟಿಲಿಟಿ ಅಥವಾ ಬಚ್ಚಲುಮನೆ ಸಾಕು, ಮಣ್ಣಿನ ಅಂಗಳ ಬೇಡ. ಇವತ್ತು ಕುಣಿದಾಡುವ ಮರಿ ಐದನೇ ದಿನ ವಾಂತಿ, ನಾತದ ರಕ್ತಭೇದಿಯಿಂದ ಮಲಗಿಬಿಡಬಹುದು. ಅದು ಪಾರ್ವೊ ಎಂಬ ವೈರಸ್ ರೋಗ ಇರಬಹುದು. ವೈರಸ್ ಒಳಗಿದ್ದೂ ಕೆಲವು ದಿನ ಲಕ್ಷಣ ತೋರಿಸುವುದಿಲ್ಲ. ತಟ್ಟೆ, ಪೊರಕೆ, ಒರೆಸುವ ಬಟ್ಟೆ ಬೇರೆಯೇ ಇರಲಿ. ಆ ಜಾಗಕ್ಕೆಂದೇ ಒಂದು ಜೊತೆ ಚಪ್ಪಲಿ ಹೊಸ್ತಿಲ ಒಳಗೇ ಬಿಡಿ.

ಎಲ್ಲರೂ ಎಡವುವುದು ಇಲ್ಲಿ: ‘ಫಿನಾಯಿಲ್ ಹಾಕಿದ್ದೀವಲ್ಲ’. ಫಿನಾಯಿಲ್‌ಗೆ ವಾಸನೆ ಹೋಗುತ್ತದೆ, ಪಾರ್ವೊ ಹೋಗುವುದಿಲ್ಲ. ಮೊದಲು ಸೋಪಿನಿಂದ ಕೊಳೆ ತೆಗೆಯಿರಿ, ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡದು. ಆಮೇಲೆ ಒಂದು ಲೀಟರ್ ನೀರಿಗೆ 35–40 ಮಿ.ಲೀ. ದ್ರವ ಬ್ಲೀಚ್ ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಟ್ಟು ತೊಳೆಯಿರಿ. ಬ್ಲೀಚ್‌ಗೆ ಆ್ಯಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಮಣ್ಣಿಗೆ ಈ ಉಪಾಯ ನಡೆಯದು, ಅಲ್ಲಿ ವೈರಸ್ ವರ್ಷದವರೆಗೂ ಉಳಿಯಬಲ್ಲದು. ಪಾರ್ವೊ ಬಂದುಹೋದ ಅಂಗಳಕ್ಕೆ ಲಸಿಕೆ ಮುಗಿಯದ ಮರಿಯನ್ನು ಬಿಡಬೇಡಿ.

ಮರಿಯನ್ನು ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ, ತೂಕ ಇಳಿಯುವುದೇ ಮೊದಲ ಎಚ್ಚರಿಕೆ. ಹಸುವಿನ ಹಾಲು ಭೇದಿ ತರುತ್ತದೆ. ನಾಲ್ಕು ವಾರದೊಳಗಿನದಕ್ಕೆ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ದೊಡ್ಡದಕ್ಕೆ ಅನ್ನ, ಬೇಯಿಸಿದ ಮೊಟ್ಟೆ ಅಥವಾ ಕೋಳಿ ಸಾಕು. ಮುದ್ದೆ ಪರವಾಗಿಲ್ಲ, ಈರುಳ್ಳಿ ಬಿದ್ದ ಸಾರು ಮಾತ್ರ ಬೇಡ. ಬೆಂದ ಮೂಳೆಯೂ ಬೇಡ, ಚೂರಾಗಿ ಕರುಳಿಗೆ ಚುಚ್ಚುತ್ತದೆ.

ಜಂತಿನ ಔಷಧಿ ಎರಡು ವಾರದ ವಯಸ್ಸಿನಿಂದ, ಹದಿನೈದು ದಿನಕ್ಕೊಮ್ಮೆ, ಡಾಕ್ಟರು ತೂಕ ನೋಡಿ ಹೇಳಿದಷ್ಟೇ. ಕಂಬೈನ್ಡ್ ಲಸಿಕೆ (ಪಾರ್ವೊ ಸೇರಿ ಹಲವು ರೋಗಕ್ಕೆ ಒಂದೇ ಚುಚ್ಚುಮದ್ದು) 6–8 ವಾರಕ್ಕೆ ಶುರು, 3–4 ವಾರದ ಅಂತರದಲ್ಲಿ 16 ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಮೈಗೆ ಕಚ್ಚಿದ ಉಣ್ಣೆಹುಳಕ್ಕೆ ಸೀಮೆಎಣ್ಣೆ ಹಚ್ಚುವ ಹಳೇ ಪದ್ಧತಿ ಬಿಡಿ, ಚರ್ಮ ಸುಡುತ್ತದೆ. ಒಸಡು ಬಿಳಿಚಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ನಾಯಿ ನಿಮಗೆ ಪರಚಿದರೂ, ಕಚ್ಚಿದರೂ ಸೋಪುನೀರಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ.

ಹೊಸ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ವಾರದಲ್ಲಿ, ಗೇಟು ತೆರೆದ ಕ್ಷಣದಲ್ಲಿ. ಕೊರಳಪಟ್ಟಿಯೊಂದಿಗೆ ಹಾರ್ನೆಸ್ಸೂ (ಎದೆ, ಬೆನ್ನು ಸುತ್ತಿ ಹಾಕುವ ಪಟ್ಟಿ) ಇರಲಿ, ಹಗ್ಗ ಎರಡಕ್ಕೂ ಸಿಕ್ಕಿಸಿ. ದಸರೆಗೆ ಕುಶಾಲತೋಪು (ಫಿರಂಗಿ) ಸಿಡಿಸುವ ತಾಲೀಮು ಶುರುವಾದರೆ ಅರಮನೆ ಸುತ್ತಮುತ್ತಲಿನವರು ನಾಯಿಯನ್ನು ಒಳಗೇ ಕಟ್ಟಿಕೊಳ್ಳಿ. ಆನೆಗೆ ಆ ಸದ್ದಿನ ಅಭ್ಯಾಸ ಮಾಡಿಸುತ್ತಾರೆ, ನಾಯಿಗೆ ಯಾರೂ ಮಾಡಿಸಿರುವುದಿಲ್ಲ.

ದತ್ತು ಪೋಸ್ಟರಿನಲ್ಲಿ ‘ತುಂಬಾ ಸಾಧು’ ಎಂದು ಬರೆಯುವುದರಿಂದಲೇ ಎಷ್ಟೋ ನಾಯಿಗಳು ವಾಪಸ್ ಬರುತ್ತವೆ. ನಿಮ್ಮ ನೋಟ್‌ಬುಕ್ಕಿನಲ್ಲಿರುವುದನ್ನು ಬರೆಯಿರಿ: ಕುಕ್ಕರ್ ವಿಸಿಲ್‌ಗೆ ಮಂಚದಡಿ ಸೇರುತ್ತದೆ, ತಟ್ಟೆಗೆ ಕೈ ಹಾಕಿದರೆ ಗುರ್ ಎನ್ನುತ್ತದೆ. ಕೇಳುವವರು ಕಡಿಮೆಯಾಗುತ್ತಾರೆ, ಸರಿಯಾದವರು ಉಳಿಯುತ್ತಾರೆ.

ಬಂದವರನ್ನು ಮೂರು ಕೇಳಿ: ಬಾಡಿಗೆ ಮನೆಯಾದರೆ ಓನರ್ ಒಪ್ಪಿದ್ದಾರಾ, ಮನೆಯಲ್ಲಿ ಯಾರಿಗೆ ಬೇಡ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ಹುಟ್ಟುಹಬ್ಬದ ಗಿಫ್ಟಿಗೆ ಕೊಡಬೇಡಿ. ಮನೆ ನೋಡಿಬಂದು, ಎರಡು ವಾರ ಪ್ರಾಯೋಗಿಕವಾಗಿ ಕಳಿಸಿ. ಜೊತೆಗೆ ಲಸಿಕೆ ಪುಸ್ತಕ, ಅದು ಮಲಗಿದ್ದ ಹಳೇ ಬಟ್ಟೆ, ‘ಬೇಡವೆನಿಸಿದರೆ ನಿಮಗೇ ಒಪ್ಪಿಸುತ್ತೇವೆ’ ಎಂದು ಸಹಿ ಹಾಕಿದ ಕಾಗದ. ಮೂರನೇ ದಿನ ಫೋನ್ ಮಾಡಿ. ಹಿಂದಿನ ರಾತ್ರಿಯಾದರೂ ಅಳದೆ ಮಲಗಿತಾ ಎಂದು ಕೇಳಿ.